ಟೆನ್ನೆಸ್ಸಿ ಕಾಲ ಮುಗಿದಿಲ್ಲ
ಅಮೆರಿಕದ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ 2008ರ ನಂತರ ರಾಷ್ಟ್ರೀಯ ಕಪ್ ಗೆದ್ದಿಲ್ಲ, ಅದರ ಕಾಲ ಮುಗಿಯಿತು ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 1974ರಲ್ಲಿ ಪ್ಯಾಟ್ ಸಮಿಟ್ ಈ ತಂಡದ ಕೋಚ್ ಆದಾಗ ಅವರಿಗೆ ಬರೀ 22 ವರ್ಷ. ತಿಂಗಳಿಗೆ 250 ಡಾಲರ್ ಸಂಬಳ. ಹುಡುಗಿಯರ ಜೆರ್ಸಿ ಒಗೆಯುತ್ತಿದ್ದವರೂ ಅವರೇ, ವ್ಯಾನ್ ಓಡಿಸುತ್ತಿದ್ದವರೂ ಅವರೇ! ಅಲ್ಲಿಂದ ಶುರುವಾಗಿ 2012ರ ಹೊತ್ತಿಗೆ 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಇದು ಸುಮ್ನೆ ಬಂದಿದ್ದಲ್ಲ. ಆಗ ಗಟ್ಟಿ ತಂಡಗಳು ಕಡಿಮೆ ಇದ್ದವು, ನಿಜ. ಈಗ ಸೌತ್ ಕ್ಯಾರೊಲಿನಾ, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡಗಳು ಕೂಡ ಕಪ್ ಗೆದ್ದಿವೆ. ಆಟಗಾರ್ತಿಯರು ಕಾಲೇಜು ಬದಲಿಸುವುದೂ ಜಾಸ್ತಿಯಾಗಿದೆ. ಇಂಥ ಹೊತ್ತಲ್ಲಿ ತಂಡ ಕಟ್ಟಲು ಸ್ವಲ್ಪ ಸಮಯ ಬೇಕು, ಅಲ್ವಾ?