ಟ್ಯಾಬ್ಲೆಟ್‌ನಲ್ಲಿ ಬ್ರೌಸ್ ಮಾಡಲು ಆಂಟಿವೈರಸ್ ಬೇಕೇ?

ಪರ: ಬೇಕು, ಅದರಲ್ಲೂ ಆಂಡ್ರಾಯ್ಡ್‌ಗೆ

ಟ್ಯಾಬ್ಲೆಟ್ ಸಾಮಾನ್ಯವಾಗಿ ಒಬ್ಬರ ಕೈಯಲ್ಲೇ ಇರುವುದಿಲ್ಲ. ಬೆಳಿಗ್ಗೆ ಅದರಲ್ಲಿ ಬ್ಯಾಂಕ್ ಖಾತೆ ನೋಡಿದವರು ಸಂಜೆ ಅದನ್ನೇ ಮಕ್ಕಳ ಕೈಗೆ ಕೊಡುತ್ತಾರೆ. ಆಟ ಹುಡುಕುವ ಮಗು ಯಾವ ಜಾಹೀರಾತು ಒತ್ತುತ್ತದೋ ಯಾರಿಗೆ ಗೊತ್ತು? ನೀವೊಬ್ಬರು ಹುಷಾರಾಗಿದ್ದರೆ ಸಾಲದು.

ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್‌ನ ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳಬಹುದು. ಕಳ್ಳರು ಜಾಸ್ತಿ ಬರುವ ದಾರಿ ಇದೇ. 2021ರಲ್ಲಿ ಹರಡಿದ ಫ್ಲೂಬಾಟ್ ಎಂಬ ಕಳ್ಳ ಆ್ಯಪ್ ನೋಡಿ. ನಿಮಗೆ ಪಾರ್ಸೆಲ್ ಬಂದಿದೆ ಎಂಬ ಮೆಸೇಜ್. ಅದರಲ್ಲೊಂದು ಲಿಂಕ್. ತೆರೆದರೆ ಆ್ಯಪ್ ಹಾಕಿಕೊಳ್ಳಿ ಎನ್ನುವ ಪುಟ. ಹಾಕಿಕೊಂಡು, ಅದು ಕೇಳಿದ ಆಕ್ಸೆಸಿಬಿಲಿಟಿ (ಪರದೆ ಓದುವ, ನಮ್ಮ ಪರವಾಗಿ ಒತ್ತುವ) ಅನುಮತಿಯನ್ನೂ ಕೊಟ್ಟರೆ ಬ್ಯಾಂಕ್ ಪಾಸ್‌ವರ್ಡ್ ಕಳ್ಳರ ಪಾಲು. 2022ರಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಆ ಜಾಲ ಮುರಿಯಬೇಕಾಯಿತು. ಒಳ್ಳೆಯ ಆಂಟಿವೈರಸ್ ಇಂಥ ಲಿಂಕನ್ನು ತೆರೆಯುವಾಗಲೇ ತಡೆಯಬಲ್ಲದು. ತಪ್ಪಿಸಿಕೊಂಡು ಫೈಲ್ ಇಳಿದರೆ, ಅಲ್ಲೂ ಹಿಡಿಯಲು ಇನ್ನೊಂದು ಅವಕಾಶ ಇರುತ್ತದೆ.

ಹಳೆಯ ಟ್ಯಾಬ್ಲೆಟ್‌ಗಳ ಪಾಡು ಇನ್ನೂ ಕಷ್ಟ. 2015ರಲ್ಲಿ ಬಯಲಾದ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ದೋಷದಲ್ಲಿ, ಕೆಟ್ಟ ಉದ್ದೇಶದಿಂದ ತಯಾರಿಸಿದ ಒಂದು ವಿಡಿಯೋ ಫೈಲ್ ಸಾಕಿತ್ತು, ಒಳಗೆ ನುಗ್ಗಲು. ಅಪ್‌ಡೇಟ್ ನಿಂತ ಸಾಧನದಲ್ಲಿ ಇಂಥ ತೂತು ಹಾಗೇ ಉಳಿಯುತ್ತದೆ. ಆಂಟಿವೈರಸ್ ಅದನ್ನು ಮುಚ್ಚುವುದಿಲ್ಲ, ನಿಜ. ಗೊತ್ತಿರುವ ಕೆಟ್ಟ ತಾಣಗಳಿಂದಲಾದರೂ ದೂರ ಇಡುತ್ತದೆ. ಏನೂ ಇಲ್ಲದಿರುವುದಕ್ಕಿಂತ ಅದು ವಾಸಿ ಅಲ್ವಾ?

ವಿರೋಧ: ಬರೀ ಬ್ರೌಸಿಂಗ್‌ಗೆ ಬೇಡ

ಆಂಡ್ರಾಯ್ಡ್‌ನಲ್ಲೂ ಐಪ್ಯಾಡ್‌ನಲ್ಲೂ ಪ್ರತಿ ಆ್ಯಪ್‌ಗೆ ಬೀಗ ಹಾಕಿದ ಬೇರೆ ಬೇರೆ ಕೋಣೆ ಇದ್ದ ಹಾಗೆ. ಒಂದು ಇನ್ನೊಂದರೊಳಗೆ ಇಣುಕುವಂತಿಲ್ಲ. ಆಂಟಿವೈರಸ್ ಕೂಡ ಒಂದು ಆ್ಯಪ್, ಅದಕ್ಕೂ ಇದೇ ನಿಯಮ. ಐಪ್ಯಾಡ್‌ನಲ್ಲಿ ಅದು ಬೇರೆ ಆ್ಯಪ್‌ಗಳನ್ನು ಸ್ಕ್ಯಾನ್ ಮಾಡಲಾರದು. ಹಾಗಾಗಿ ಅಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಸೇವೆ), ಪಾಸ್‌ವರ್ಡ್ ಕಾಪಾಡುವ ಸೌಲಭ್ಯ, ಲಿಂಕ್ ಫಿಲ್ಟರ್ ಅಷ್ಟೇ. ವಿಂಡೋಸ್ ಟ್ಯಾಬ್ಲೆಟ್ ಆದರೆ ಮೈಕ್ರೋಸಾಫ್ಟ್‌ನದೇ ಆಂಟಿವೈರಸ್ ಡಿಫೆಂಡರ್ ಮೊದಲೇ ಇರುತ್ತದೆ.

ಆಂಡ್ರಾಯ್ಡ್‌ನಲ್ಲೂ ಕಾವಲು ಇಲ್ಲದಿಲ್ಲ. ಗೂಗಲ್ ಸೇವೆಗಳಿರುವ ಟ್ಯಾಬ್ಲೆಟ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಇರುತ್ತದೆ. ಹೊರಗಿನಿಂದ ಹಾಕಿದ ಆ್ಯಪ್‌ಗಳನ್ನೂ ಅದು ಪರೀಕ್ಷಿಸುತ್ತದೆ. ಕೆಟ್ಟ ತಾಣ ತೆರೆಯಲು ಹೋದರೆ ಕ್ರೋಮ್ ಎಚ್ಚರಿಸುತ್ತದೆ. ಫ್ಲೂಬಾಟ್ ಕೂಡ ಪುಟ ನೋಡಿದ ಮಾತ್ರಕ್ಕೆ ಒಳಗೆ ಬರುತ್ತಿರಲಿಲ್ಲ. ಆ್ಯಪ್ ಹಾಕಿಕೊಂಡು ಅನುಮತಿ ಕೊಟ್ಟ ಮೇಲೆಯೇ ಅದರ ಆಟ ನಡೆಯುತ್ತಿದ್ದದ್ದು.

ನನಗೆ ನಿಜಕ್ಕೂ ಸಿಟ್ಟು ಬರುವುದು ಆಂಟಿವೈರಸ್ ಹೆಸರಿನಲ್ಲಿ ನಡೆಯುವ ವ್ಯಾಪಾರ ನೋಡಿದಾಗ. 2014ರಲ್ಲಿ ಪ್ಲೇ ಸ್ಟೋರ್‌ನಲ್ಲಿ ವೈರಸ್ ಶೀಲ್ಡ್ ಎಂಬ ಆ್ಯಪ್ ಇತ್ತು. 10,000ಕ್ಕೂ ಹೆಚ್ಚು ಜನ ಹಣ ಕೊಟ್ಟು ಕೊಂಡರು. ಪರದೆಯ ಮೇಲಿನ ಚಿತ್ರ ಬದಲಿಸುವುದು ಬಿಟ್ಟು ಅದು ಏನೂ ಮಾಡುತ್ತಿರಲಿಲ್ಲ. 2019ರಲ್ಲಿ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ 250 ಆಂಟಿವೈರಸ್ ಆ್ಯಪ್‌ಗಳನ್ನು ಪರೀಕ್ಷಿಸಿತು. ಶೇ 30ಕ್ಕಿಂತ ಹೆಚ್ಚು ಕೆಟ್ಟ ಆ್ಯಪ್‌ಗಳನ್ನು ಹಿಡಿದವು 80 ಮಾತ್ರ. ಇನ್ನು 2022ರಲ್ಲಿ ಬ್ಯಾಂಕ್ ಖಾತೆ ದೋಚುವ ಶಾರ್ಕ್‌ಬಾಟ್ ಪ್ಲೇ ಸ್ಟೋರ್‌ಗೆ ನುಗ್ಗಿದ್ದು ಆಂಟಿವೈರಸ್ ವೇಷದಲ್ಲೇ! ಹೆದರಿದವರನ್ನೇ ಗುರಿ ಮಾಡುವ ಮೋಸ ಇದು. ‘ನಿಮ್ಮ ಸಾಧನದಲ್ಲಿ 5 ವೈರಸ್ ಇವೆ’ ಎಂದು ವೆಬ್ ಪುಟವೊಂದು ಕೂಗಿದರೆ ಸುಮ್ನೆ ಆ ಟ್ಯಾಬ್ ಮುಚ್ಚಿಬಿಡಿ. ಯಾವ ವೆಬ್ ಪುಟಕ್ಕೂ ನಿಮ್ಮ ಸಾಧನವನ್ನು ಸ್ಕ್ಯಾನ್ ಮಾಡಲು ಆಗುವುದಿಲ್ಲ.

ಅಪ್‌ಡೇಟ್ ಬಂದ ತಕ್ಷಣ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಆ್ಯಪ್ ಹಾಕುವ ಅನುಮತಿ ಆಫ್ ಮಾಡಿ. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ. ಅಪ್‌ಡೇಟ್ ನಿಂತು ವರ್ಷಗಳಾದ ಟ್ಯಾಬ್ಲೆಟ್‌ನಲ್ಲಿ ಬ್ಯಾಂಕ್ ಕೆಲಸ ಬೇಡವೇ ಬೇಡ. ಆಂಟಿವೈರಸ್‌ಗೆ ವರ್ಷ ವರ್ಷ ಕಟ್ಟುವ ಚಂದಾವನ್ನು ಹೊಸ ಟ್ಯಾಬ್ಲೆಟ್‌ಗೆ ಕೂಡಿಡಿ.