ರಾಯರು ಇಟ್ಟ ಲೆಕ್ಕ

ಪಕ್ಕದ ಮನೆ ರಾಯರು ಬೆಳಿಗ್ಗೆ ಆರೂವರೆಗೆ ಗೇಟು ತಟ್ಟಿದರು. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ನೀರು ಮಜ್ಜಿಗೆ, ಮೇಲೆ ಮೆಂತ್ಯದ ಪುಡಿ ತೇಲುತ್ತಿತ್ತು.

“ಯಾರಿಗಪ್ಪಾ ಹುಷಾರಿಲ್ಲ?” ದನಿ ತಗ್ಗಿಸಿ ಕೇಳಿದರು. “ಅಮ್ಮನಿಗಾ?”

“ಎಲ್ಲರೂ ಚೆನ್ನಾಗೇ ಇದೀವಲ್ಲ ಸಾರ್.”

“ನಾಚಿಕೆ ಯಾಕೆ? ಹೊಟ್ಟೆ ಅಂದ್ಮೇಲೆ ಕೆಡುತ್ತೆ. ನಾನು ಲೆಕ್ಕ ಇಟ್ಟಿದೀನಿ. ರಾತ್ರಿ ಹನ್ನೊಂದರಿಂದ ಒಂದರವರೆಗೆ ಆರು ಸಲ ಫ್ಲಶ್ ಆಯ್ತು.”

ರಾಯರು ಬ್ಯಾಂಕಿನಲ್ಲಿ ಇದ್ದು ರಿಟೈರ್ ಆದವರು. ಲೆಕ್ಕ ತಪ್ಪುವವರಲ್ಲ. ಇಪ್ಪತ್ತು ನಿಮಿಷಕ್ಕೊಂದರಂತೆ ಎರಡು ಗಂಟೆಗೆ ಆರು. ಸರಿಯಾಗಿಯೇ ಇತ್ತು. ಆದರೆ ಅದು ಫ್ಲಶ್ ಅಲ್ಲ. ನಮ್ಮ ಹಿತ್ತಿಲಿನ ಬೆಲ್ ಸೈಫನ್.

ಮೈಸೂರಿನಲ್ಲಿ ಸ್ವಲ್ಪ ಹಿತ್ತಿಲು ಇರುವ ಮನೆ ಸಿಕ್ಕಿದರೆ ಜನ ಒಂದು ಕರಿಬೇವು, ಒಂದು ದಾಸವಾಳ ನೆಟ್ಟು ಸುಮ್ನಿರುತ್ತಾರೆ. ನಾನು ಮೊಬೈಲಿನಲ್ಲಿ ಆಕ್ವಾಪೋನಿಕ್ಸ್ ವಿಡಿಯೋ ನೋಡಿದೆ. ಕೆಳಗೆ ಮೀನಿನ ತೊಟ್ಟಿ, ಮೇಲೆ ಕಲ್ಲು ತುಂಬಿದ ಅರ್ಧ ಡ್ರಮ್ಮು. ಮೀನು ತೊಟ್ಟಿಯಲ್ಲೇ ತಿಂದು ತೊಟ್ಟಿಯಲ್ಲೇ ಗಲೀಜು ಮಾಡುತ್ತೆ. ಪಂಪು ಆ ನೀರನ್ನು ಡ್ರಮ್ಮಿಗೆ ಎತ್ತುತ್ತೆ. ಕಲ್ಲಿನ ನಡುವಿನ ಗಿಡ ಅದರಲ್ಲಿನ ಗೊಬ್ಬರ ಹೀರಿ ಬೆಳೆಯುತ್ತೆ, ಶುದ್ಧವಾದ ನೀರು ವಾಪಸ್ ಮೀನಿಗೆ. ಮಣ್ಣು ಬೇಡ, ಗೊಬ್ಬರ ಬೇಡ, ದಿನಾ ನೀರು ಹಾಕೋದು ಬೇಡ. ನನ್ನಂಥ ಸೋಮಾರಿಗೆಂದೇ ಯಾರೋ ಕಂಡುಹಿಡಿದ ಹಾಗಿತ್ತು.

ಮಾಳಿಗೆ ಮೇಲೆ ಬಿದ್ದಿದ್ದ 500 ಲೀಟರಿನ ಹಳೇ ಟ್ಯಾಂಕು ಇಳಿಸಿದೆ. 200 ಲೀಟರಿನ ನೀಲಿ ಡ್ರಮ್ಮು ತಂದು ಉದ್ದಕ್ಕೆ ಸೀಳಿಸಿದೆ. ಪಂಪಿನ ಬಾಯಿಗೆ ಕಸ ಹೋಗದಂತೆ ಅದಕ್ಕೊಂದು ಕಾಲುಚೀಲ ತೊಡಿಸಬೇಕು ಎಂದು ಎಲ್ಲೋ ಓದಿದ್ದೆ. ಗಾಳಿಗೆ ಹಾರಿ ಬಂದ ಒಂಟಿ ಕಾಲುಚೀಲವೊಂದು ವಾರದಿಂದ ನಮ್ಮ ದಾಸವಾಳದ ಗಿಡದಲ್ಲಿ ನೇತಾಡುತ್ತಿತ್ತು. ಅದೂ ಕೆಲಸಕ್ಕೆ ಬಂತು.

ಈ ಬೆಲ್ ಸೈಫನ್ ಅರ್ಥವಾಗಲು ನನಗೆ ಅಜ್ಜನ ಮನೆಯ ವಸುದೇವನ ಬಟ್ಟಲು ನೆನಪಾಗಬೇಕಾಯಿತು. ಹಿತ್ತಾಳೆ ಬಟ್ಟಲು, ನಡುವೆ ಬುಟ್ಟಿ ಹೊತ್ತ ವಸುದೇವ, ಬುಟ್ಟಿಯಲ್ಲಿ ಕೃಷ್ಣ. ನೀರು ಹೊಯ್ಯುತ್ತಾ ಹೋದರೆ ಏರುತ್ತಾ ಬರುತ್ತೆ. ಕೃಷ್ಣನ ಪಾದ ಮುಟ್ಟಿದ್ದೇ ತಡ, ಇಷ್ಟೂ ನೀರು ಕೆಳಗಿನ ತೂತಿನಿಂದ ಸರ್ರನೆ ಇಳಿದುಹೋಗುತ್ತೆ. ಯಮುನೆ ದಾರಿ ಬಿಟ್ಟಳು ಅಂತ ಅಜ್ಜ ಕೈಮುಗಿಯುತ್ತಿದ್ದರು. ನನ್ನ ಡ್ರಮ್ಮಿನಲ್ಲೂ ಅದೇ ಕತೆ. ಕೃಷ್ಣನ ಬದಲು ಪಿವಿಸಿ ಪೈಪು, ಅದರ ಮೇಲೊಂದು ದಪ್ಪ ಪೈಪಿನ ಟೋಪಿ. ನೀರು ಪೈಪಿನ ತುದಿ ಮುಟ್ಟಿದೊಡನೆ ಪೂರ್ತಿ ಇಳಿಯುತ್ತೆ, ಗಿಡದ ಬೇರಿಗೆ ಗಾಳಿ ಸಿಗುತ್ತೆ. ಕೊನೆಗೆ ಟೋಪಿಯ ಕೆಳಗಿಂದ ಗಾಳಿ ನುಗ್ಗಿ ‘ಗೊಳಕ್’ ಅಂತ ನಿಲ್ಲುತ್ತೆ. ಆ ಗೊಳಕ್ಕನ್ನೇ ರಾಯರು ಎಣಿಸಿದ್ದು. ಕರೆದು ತೋರಿಸಿದೆ. ಎರಡು ಸುತ್ತು ನಿಂತು ನೋಡಿ, “ಇದಕ್ಕಿಂತ ಹೊಟ್ಟೆ ಕೆಟ್ಟಿದ್ರೇ ವಾಸಿ ಇತ್ತು,” ಎಂದು ಹೊರಟುಹೋದರು. ಮಜ್ಜಿಗೆ ಡಬ್ಬಿ ಮಾತ್ರ ಬಿಟ್ಟು ಹೋದರು. ನಾನೇ ಕುಡಿದೆ.

ಇನ್ನು ಮೀನು. ಎಲ್ಲರೂ ತಿಲಾಪಿಯಾ ಒಳ್ಳೇದು ಎನ್ನುತ್ತಾರೆ. ನಮ್ಮ ಕಡೆ ಮಾರ್ಕೆಟ್ಟಿನಲ್ಲಿ ಅದಕ್ಕೆ ಜಿಲೇಬಿ ಎನ್ನುತ್ತಾರೆ. ಫೋನಿನಲ್ಲಿ ನಾನು “ಜಿಲೇಬಿ ಸಿಗುತ್ತಾ, ಇಪ್ಪತ್ತೈದು ಬೇಕಿತ್ತು, ಜೀವ ಇರೋದು” ಎಂದಿದ್ದನ್ನು ಕೇಳಿ ಅಮ್ಮ ಅಡುಗೆಮನೆಯಿಂದ ಆಚೆ ಬಂದರು. ಆಫ್ರಿಕಾ ಮೂಲದ ಆ ಮೀನು 1952ರಲ್ಲಿ ನಮ್ಮ ದೇಶಕ್ಕೆ ಬಂದು, ಕೆರೆಗಳಲ್ಲಿ ಸಿಕ್ಕಾಪಟ್ಟೆ ಮರಿ ಮಾಡಿ ನಮ್ಮ ಮೀನುಗಳಿಗೆ ಜಾಗವಿಲ್ಲದಂತೆ ಮಾಡಿತು ಅಂತ ಆಮೇಲೆ ಓದಿದೆ. ಬೇಡಪ್ಪಾ ಎಂದು ಸಾಮಾನ್ಯ ಗೆಂಡೆಯ ಮರಿ ತಂದೆ. ಇಪ್ಪತ್ತೈದು, ಒಂದೊಂದೂ ಕಿರುಬೆರಳಿನಷ್ಟು. ಸಾಕಿ ತಿನ್ನೋಣ ಅನ್ನುವುದು ಪ್ಲಾನು. ಸಂಜೆಯೊಳಗೆ ಅಮ್ಮ ಒಂದು ಮೀನಿಗೆ ‘ಚಿನ್ನು’ ಅಂತ ಹೆಸರಿಟ್ಟಾಗಿತ್ತು. ಪ್ಲಾನು ಅಲ್ಲಿಗೇ ಮುಗಿಯಿತು.

ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ. ಆ ಒಂದು ನಿಯಮ ಪಾಲಿಸಿದೆ. ಮಿಕ್ಕಿದ್ದೆಲ್ಲ ನನ್ನದೇ ಬುದ್ಧಿ. ಮೀನು ಬಿಟ್ಟ ಎರಡನೇ ದಿನ ಮೂರು ಸತ್ತವು. ಮೂರನೇ ದಿನ ಐದು. ಟೆಸ್ಟ್ ಕಿಟ್ ತಂದು ಗಾಜಿನ ಕೊಳವೆಗೆ ಹನಿ ಬಿಟ್ಟೆ. ತಿಳಿಹಳದಿ ಇರಬೇಕಾದ ನೀರು ಪಾಲಕ್ ಗೊಜ್ಜಿನ ಬಣ್ಣಕ್ಕೆ ತಿರುಗಿತು. ತೊಟ್ಟಿ ತುಂಬ ಅಮೋನಿಯ.

ಇದಕ್ಕೆ ಕಾರಣ ಎರಡು. ಮೊದಲನೆಯದು, ಅನ್ನದಾನ. ಮೀನಿನ ಹತ್ತಿರ ಯಾರು ಹೋದರೂ ಅದು ಮೇಲೆ ಬಂದು ಬಾಯಿ ತೆರೆಯುತ್ತೆ. ಬೆಳಿಗ್ಗೆ ನಾನು ಹಾಕುತ್ತಿದ್ದೆ. “ಪಾಪ, ಬಾಯಿ ಬಿಡ್ತಾವೆ” ಅಂತ ಅಮ್ಮ ಹಾಕುತ್ತಿದ್ದರು. ನನ್ನ ಹೆಂಡತಿ ಹಾಕುತ್ತಿದ್ದಳು. ಬೀದಿಯ ಮಕ್ಕಳು ಸ್ಕೂಲಿಂದ ಬಂದು ಬಿಸ್ಕತ್ತು ಹಾಕುತ್ತಿದ್ದವು. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕಂತೆ. ಮಿಕ್ಕಿದ್ದೆಲ್ಲ ತಳದಲ್ಲಿ ಕೊಳೆತು ಅಮೋನಿಯ ಆಗುತ್ತೆ.

ಎರಡನೆಯದು ಇನ್ನೂ ಮಜಾ. ಕರಿ ಜಲ್ಲಿ ಚೆನ್ನಾಗಿ ಕಾಣೋದಿಲ್ಲ ಎಂದು ನಾನು ಡ್ರಮ್ಮಿಗೆ ಬಿಳಿ ಕಲ್ಲು ತುಂಬಿದ್ದೆ. ಕುಂಡದ ಮೇಲೆ ಅಂದಕ್ಕೆ ಹಾಕುತ್ತಾರಲ್ಲ, ಆ ಮಾರ್ಬಲ್ ಚೂರು. ಅಕ್ವೇರಿಯಂ ಸಾಕಿ ಪಳಗಿದ ನನ್ನ ಸ್ನೇಹಿತ ಬಂದವನೇ, “ಮನೇಲಿ ವಿನೆಗರ್ ಇದ್ಯಾ?” ಎಂದ. ಗೋಬಿ ಮಂಚೂರಿಗೆ ತಂದ ಬಾಟಲಿ ಇತ್ತು. ಒಂದು ಬಿಳಿ ಕಲ್ಲು ತಟ್ಟೆಯಲ್ಲಿಟ್ಟು ನಾಲ್ಕು ಹನಿ ಬಿಟ್ಟ. ಕಲ್ಲು ಸೋಡಾ ಥರ ಚುರ್ರ್ ಎಂದು ಗುಳ್ಳೆ ಬಿಟ್ಟಿತು. ನಾವು ಮೂವರೂ ಬಗ್ಗಿ ನೋಡಿದೆವು. ಪಕ್ಕದಲ್ಲೇ ಮಾಮೂಲಿ ಜಲ್ಲಿ ಇಟ್ಟು ಬಿಟ್ಟ. ಏನೂ ಆಗಲಿಲ್ಲ. ಗುಳ್ಳೆ ಬರುವುದು ಸುಣ್ಣದ ಜಾತಿಯ ಕಲ್ಲಂತೆ. ಅದು ನಿಧಾನಕ್ಕೆ ಕರಗಿ ನೀರಿನ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರಿಸುತ್ತೆ. ಪಿಎಚ್ ಏರಿದಷ್ಟೂ ಅಮೋನಿಯ ಮೀನಿಗೆ ಹೆಚ್ಚು ವಿಷ. ಮೇಲೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಹಳದಿಯಾಗುತ್ತೆ, ನರ ಮಾತ್ರ ಹಸಿರಾಗಿರುತ್ತೆ. ನನ್ನ ಪುದೀನ ಥೇಟ್ ಹಾಗೇ ಇತ್ತು. ಅಂದಕ್ಕೆ ಅಂತ ಹಾಕಿದ ಒಂದೇ ಕಲ್ಲಲ್ಲಿ ಕೆಳಗೆ ಮೀನು, ಮೇಲೆ ಗಿಡ, ಎರಡನ್ನೂ ಹೊಡೆದಿದ್ದೆ.

ಆ ಭಾನುವಾರ ಪೂರ್ತಿ ಬಿಳಿ ಕಲ್ಲು ಆಚೆ ಹಾಕಿ ಜಲ್ಲಿ ತೊಳೆದೆವು. ಜಲ್ಲಿ ತೊಳೆಯೋದು ಅಂದರೆ ಏನು ಅಂತ ತೊಳೆದವರಿಗೇ ಗೊತ್ತು. ಹತ್ತನೇ ನೀರೂ ಬೂದು.

“ಅದಿರಲಿ, ಬ್ಯಾಕ್ಟೀರಿಯಾ ಬೆಳೆಸಿದ್ಯಾ?” ಎಂದ ಸ್ನೇಹಿತ. ಮೀನಿನ ಗಲೀಜು ನೇರವಾಗಿ ಗಿಡಕ್ಕೆ ದಕ್ಕುವುದಿಲ್ಲವಂತೆ. ನೈಟ್ರೊಸೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡಬೇಕು, ಆಮೇಲೆ ಗಿಡದ ಪಾಳಿ. ಇವೆಲ್ಲ ಕಲ್ಲಿನ ಮೇಲೆ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನು ಮೂರೇ ದಿನಕ್ಕೆ ಮೀನು ಬಿಟ್ಟಿದ್ದೆ. ನನಗೆ ಇದೆಲ್ಲ ಕೆಮಿಸ್ಟ್ರಿ ಪಾಠದಂತೆ ಕೇಳಿಸಿತು. ಅಮ್ಮನಿಗೆ ಒಂದೇ ಏಟಿಗೆ ಅರ್ಥವಾಯಿತು.

“ಹೆಪ್ಪೇ ಹಾಕ್ದೆ ಮೊಸರು ಕಾಯ್ತಾ ಕೂತಿದ್ದೆ ಅನ್ನು.”

ಸ್ನೇಹಿತ ಮಾರನೇ ದಿನ ತನ್ನ ಅಕ್ವೇರಿಯಂ ಫಿಲ್ಟರಿನ ಕೊಳಕು ಸ್ಪಂಜನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದ. ತಂದು ಡ್ರಮ್ಮಿನಲ್ಲಿ ಹಿಂಡಿದ. ಅಮ್ಮ ಮುಂದೆ ನಿಂತು, ಇನ್ನು ಒಂದು ತಿಂಗಳು ಯಾರೂ ಇದರಲ್ಲಿ ಕೈ ಹಾಕಬಾರದು, ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸಬಾರದು ಎಂದು ಹುಕುಂ ಮಾಡಿದರು. ಮೀನಿನ ತಿಂಡಿ ಡಬ್ಬಿ ಅವರ ಬೀರುವಿಗೆ ಹೋಯಿತು. ನನಗೆ ಕೈ ಕಟ್ಟಿ ಹಾಕಿದಂತಾಯಿತು. ಆಫೀಸಿನಿಂದ ಬಂದು ತೊಟ್ಟಿ ಸುತ್ತ ಪ್ರದಕ್ಷಿಣೆ ಹಾಕಿ ಒಳಗೆ ಹೋಗುತ್ತಿದ್ದೆ, ಅಷ್ಟೆ. ವಿಚಿತ್ರ ಅಂದರೆ, ನಾನು ಸುಮ್ಮನಾದ ಮೇಲೆ ಒಂದು ಮೀನೂ ಸಾಯಲಿಲ್ಲ. ಟೆಸ್ಟ್ ಕೊಳವೆ ತಿಳಿಹಳದಿಗೆ ಬಂತು. ಡೆಂಗಿ ಲಾರ್ವಾ ಹುಡುಕಲು ಬಂದ ಆರೋಗ್ಯ ಕಾರ್ಯಕರ್ತೆ ತೊಟ್ಟಿಗೆ ಟಾರ್ಚ್ ಬಿಟ್ಟು, “ಮೀನಿದೆಯಲ್ಲ, ಬಿಡಿ” ಎಂದು ಮುಂದಿನ ಮನೆಗೆ ಹೋದರು. ಪಾಲಕ್ ಸೊಪ್ಪು ಎರಡು ಸಲ ಹುಳಿಗೆ ಆಯಿತು.

ಮೂರನೇ ತಿಂಗಳು, ರಾತ್ರಿ ಎರಡೂಕಾಲಿಗೆ ಫೋನು. ರಾಯರು.

“ಏನಪ್ಪಾ, ಇವತ್ತು ನಿಮ್ದು ಆಗ್ಲೇ ಇಲ್ಲ?”

“ಏನು ಸಾರ್?”

“ಹನ್ನೆರಡೂ ಮುಕ್ಕಾಲಿಗೆ ಕೊನೇದು. ಆಮೇಲೆ ಸದ್ದೇ ಇಲ್ಲ. ನಂಗೆ ನಿದ್ದೆ ಬರ್ತಿಲ್ಲ.”

ಹಿತ್ತಿಲಿಗೆ ಓಡಿದೆ. ಪಂಪು ಗುಂಯ್ ಅನ್ನುತ್ತಿದೆ, ಪೈಪಿನಲ್ಲಿ ನೀರಿಲ್ಲ. ಹದಿನೇಳು ಗೆಂಡೆಗಳೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಈ ಸಲ ತಿಂಡಿಗಲ್ಲ, ಉಸಿರಿಗೆ. ನೀರು ಮೇಲಿಂದ ಬಿದ್ದರೆ ತಾನೇ ಅದರಲ್ಲಿ ಗಾಳಿ ಬೆರೆಯೋದು? ಚೊಂಬು ತಂದು ಮೊಗೆದು ಮೊಗೆದು ಎತ್ತರದಿಂದ ಸುರಿಯತೊಡಗಿದೆ. ಅಷ್ಟರಲ್ಲಿ ರಾಯರು ಬನಿಯನ್ನು ಪಂಚೆಯಲ್ಲೇ ಟಾರ್ಚ್ ಹಿಡಿದು ಬಂದರು. ಚೊಂಬು ಅವರ ಕೈಗೆ ಕೊಟ್ಟು ಪಂಪು ಎತ್ತಿದೆ. ಕಾಲುಚೀಲ ಕೊಳೆ ಹಿಡಿದು ಹೆಂಟೆಯಂತಾಗಿತ್ತು. ಬಿಚ್ಚಿ ನಲ್ಲಿ ಕೆಳಗೆ ಹಿಡಿದು ಹಿಂಡಿದೆ. ಕಪ್ಪು ಇಳಿಯಿತು, ಹಸಿರು ಇಳಿಯಿತು, ಒಳಗಿಂದ ಬೂದು ಬಣ್ಣದ ಚೀಲ, ಮರೂನ್ ಪಟ್ಟಿ ಮೂಡಿ ಬಂತು. ರಾಯರು ನೀರು ಸುರಿಯುವುದನ್ನು ನಿಲ್ಲಿಸಿದರು. ಟಾರ್ಚನ್ನು ಮೀನಿನಿಂದ ತಿರುಗಿಸಿ ನನ್ನ ಕೈ ಮೇಲೆ ಬಿಟ್ಟರು. ಸುಮಾರು ಹೊತ್ತು ಬಿಟ್ಟರು. ಏನೂ ಹೇಳಲಿಲ್ಲ. ಸೈಫನ್ ಗೊಳಕ್ ಎನ್ನುವವರೆಗೆ ನಿಂತಿದ್ದು, ಗಡಿಯಾರ ನೋಡಿಕೊಂಡು, ಮನೆಗೆ ಹೋದರು.

ಬೆಳಿಗ್ಗೆ ಆರೂವರೆಗೆ ಗೇಟು ಸದ್ದಾಯಿತು. ಈ ಸಲ ಕೈಯಲ್ಲಿ ಡಬ್ಬಿ ಇರಲಿಲ್ಲ. ಇಸ್ತ್ರಿ ಮಾಡಿ ಮಡಿಸಿದ ಒಂದು ಕಾಲುಚೀಲ ಇತ್ತು. ಬೂದು ಬಣ್ಣ, ಮರೂನ್ ಪಟ್ಟಿ.

“ಒಂದನ್ನ ಇಟ್ಕೊಂಡು ನಾನೇನ್ ಮಾಡ್ಲಿ,” ಎಂದರು. “ಸ್ಪೇರ್ ಇರಲಿ. ವಾರಕ್ಕೊಂದ್ಸಲ ಬದಲಾಯಿಸು.”