ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚಿದಂತಲ್ಲ

ಸೈಲೆನ್ಸರ್ ಕಳಚಿದರೆ ಕಾರಿನ ಎಳೆತ ಹೆಚ್ಚುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ, ಆ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಹೊಗೆ ಹೊರಹೋಗುವ ದಾರಿಯ ತಡೆ ತಗ್ಗುವುದರಿಂದ ಎಂಜಿನ್ ಅತಿ ವೇಗವಾಗಿ ತಿರುಗುವಾಗ ಅಲ್ಪಸ್ವಲ್ಪ ಶಕ್ತಿ ಹೆಚ್ಚಬಹುದು, ನಿಜ. ಆದರೆ ನಮ್ಮ ನಿತ್ಯದ ಓಡಾಟವೆಲ್ಲ ಕಡಿಮೆ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಲೆಕ್ಕ) ನಡೆಯುತ್ತದೆ, ಅಲ್ಲಿ ಲಾಭ ಗಮನಕ್ಕೆ ಬರುವಷ್ಟಿರುವುದಿಲ್ಲ, ಮಾತ್ರವಲ್ಲ ಕೆಲವು ಎಂಜಿನ್‌ಗಳಲ್ಲಿ ಕೊಳವೆಯೊಳಗಿನ ಒತ್ತಡದ ಅಲೆಗಳ ಹೊಂದಾಣಿಕೆ ಕೆಟ್ಟು ಎಳೆತ ಕುಗ್ಗುವುದೂ ಉಂಟು.

ಉಡುಪಿಯ ಉಪ್ಪುಗಾಳಿಗೂ ಮಳೆಗೂ ನನ್ನ ಹಳೆಯ ಕಾರಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾದಾಗ, ಗ್ಯಾರೇಜಿನವರು ಅದನ್ನು ಕತ್ತರಿಸಿ ತೆಗೆದು ನೇರ ಪೈಪೊಂದನ್ನು ವೆಲ್ಡ್ ಮಾಡಿಕೊಟ್ಟಿದ್ದರು. ಆಗುಂಬೆ ಘಾಟಿಯ ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಸದ್ದಿಗೆ ಸೀಟೇ ಅದುರುತ್ತಿತ್ತೇ ಹೊರತು ಕಾರು ಮೊದಲಿಗಿಂತ ಚುರುಕಾಗಿ ಏರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಮ್ಮ ಕಿವಿ ಮುಚ್ಚಿಕೊಂಡೇ ಕುಳಿತಿದ್ದರು. ಮರುವಾರವೇ ಹೊಸ ಸೈಲೆನ್ಸರ್ ಹಾಕಿಸಿದೆ.

ಪೈಪು ಕಾರಿನ ಅಡಿಯಲ್ಲೇ ಕೊನೆಗೊಂಡರೆ, ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಸುಳುವ ಅಪಾಯವಿದೆ ಎಂಬುದನ್ನಾದರೂ ಲೇಖಕರು ತಿಳಿಸಬೇಕಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮವು ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ ಎಂಬುದೂ ಲೇಖನದಲ್ಲಿ ಬಂದಿಲ್ಲ.